ನಾನು ಓದದೇ ಬಿಟ್ಟ ಪುಟ

ಮಗಳಿಗೆ ಆಗ 6 ವರ್ಷ. ರಾತ್ರಿ ಮಲಗೋ ಮುಂಚೆ ಒಂದೊಂದೇ ಅಧ್ಯಾಯ ಓದಿ ಹೇಳೋದು ನಮ್ಮಿಬ್ರ ರೂಢಿ, ಆ ಸಲ ಇ. ಬಿ. ವೈಟ್ ಬರೆದ ಶಾರ್ಲೆಟ್ಸ್ ವೆಬ್ ಹಿಡ್ಕೊಂಡಿದ್ವಿ. 1952ರ ಪುಸ್ತಕ ಅದು. ವಿಲ್ಬರ್ ಅನ್ನೋ ಹಂದಿಮರಿ, ಶಾರ್ಲೆಟ್ ಅನ್ನೋ ಜೇಡ, ಚಳಿಗಾಲ ಬಂದ್ರೆ ವಿಲ್ಬರ್‌ನ ಕೊಂದುಬಿಡ್ತಾರೆ ಅಂತ ಗೊತ್ತಾದಾಗ ಶಾರ್ಲೆಟ್ ತನ್ನ ಬಲೇಲಿ ಅಕ್ಷರ ನೇಯ್ದು ನೇಯ್ದು ಅವನನ್ನ ಉಳಿಸ್ತಾಳೆ. ಮಗಳಿಗೆ ಇಂಗ್ಲಿಷ್ ಇನ್ನೂ ಅಷ್ಟು ಬರ್ತಿರ್ಲಿಲ್ಲ, ಹಾಗಾಗಿ ನಾನು ಪುಟ ನೋಡ್ಕೊಂಡು ಕನ್ನಡದಲ್ಲಿ ಹೇಳ್ತಾ ಹೋಗ್ತಿದ್ದೆ.

ಕೊನೆ ಹತ್ರ ಹತ್ರ ಬಂದಂಗೆ ಮುಂದೇನಿದೆ ಅಂತ ನಂಗೆ ಗೊತ್ತಿತ್ತು. ಜಾತ್ರೇಲಿ ವಿಲ್ಬರ್‌ಗೆ ಬಹುಮಾನ ಬರುತ್ತೆ, ಇನ್ನು ಅವನನ್ನ ಯಾರೂ ಕೊಲ್ಲಲ್ಲ, ಅಷ್ಟೊತ್ತಿಗೆ ಶಾರ್ಲೆಟ್ 514 ಮೊಟ್ಟೆ ಇಟ್ಟು ಸುಸ್ತಾಗಿ ಹೋಗಿರ್ತಾಳೆ, ನಾನು ವಾಪಸ್ ಬರಲ್ಲ ಅಂತಾಳೆ. ವಿಲ್ಬರ್ ಅವಳ ಮೊಟ್ಟೆಚೀಲನ ಬಾಯೊಳಗೆ ಇಟ್ಕೊಂಡಿರೋದ್ರಿಂದ ಹೋಗೋವಾಗ ಒಂದು ಮಾತೂ ಆಡಕ್ಕಾಗಲ್ಲ ಅವನಿಗೆ, ಕಣ್ಣು ಮಿಟುಕಿಸ್ತಾನೆ ಅಷ್ಟೇ. ಅವಳು ಇದ್ದಬದ್ದ ಶಕ್ತಿನೆಲ್ಲ ಒಟ್ಟು ಮಾಡಿ ಮುಂದಿನ ಒಂದು ಕಾಲು ಎತ್ತಿ ಬೀಸ್ತಾಳೆ. ಮಾರನೇ ದಿನ ಜಾತ್ರೆ ಬಯಲು ಖಾಲಿ ಖಾಲಿ, ಅಂಗಡಿಗಳನ್ನೆಲ್ಲ ಬಿಚ್ಚಿ ಕಟ್ಕೊಂಡು ಹೋಗ್ತಿರ್ತಾರೆ, ಶಾರ್ಲೆಟ್ ಅಲ್ಲೇ ಮೇಲೆ ಮೂಲೇಲಿ ಸಾಯ್ತಾಳೆ. ಸಾಯೋವಾಗ ಅವಳ ಹತ್ರ ಯಾರೂ ಇರ್ಲಿಲ್ಲ ಅಂತ ಪುಟ್ಟ ವಾಕ್ಯ, ಅಲ್ಲಿಗೆ ಅಧ್ಯಾಯ ಮುಗೀತು.

ಆ ವಾಕ್ಯ ನನ್ನ ಬಾಯಿಂದ ಬರ್ಲಿಲ್ಲ. ಮೊದಲೇ ಪ್ಲ್ಯಾನ್ ಮಾಡಿ ಬಿಟ್ಟಿದ್ದಲ್ಲ, ಮಗಳು ನನ್ನ ತೋಳಿಗೆ ಒರಗಿ ಆಮೇಲೆ ಆಮೇಲೆ ಅಂತಿದ್ಲು, ನಂಗೆ ಗಂಟಲು ಕಟ್ಕೊಂಡ್ಬಿಡ್ತು, ಆಮೇಲೆ ಶಾರ್ಲೆಟ್‌ನೂ ವಿಲ್ಬರ್ ಇದ್ದ ಪೆಟ್ಟಿಗೇಲೇ ಕೂರಿಸ್ಕೊಂಡು ಎಲ್ರೂ ಮನೆಗೆ ಹೋದ್ರು ಅಂತ ಹೇಳಿ ಪುಸ್ತಕ ಮುಚ್ಚಿಟ್ಟೆ. ಅವಳು ನಿದ್ದೆ ಹೋದ್ಲು. ನಾನು ಒಳ್ಳೇದೇ ಮಾಡ್ದೆ ಅನ್ಕೊಂಡೆ.

3 ವರ್ಷ ಆದ್ಮೇಲೆ ಒಂದು ಭಾನುವಾರ ಮಧ್ಯಾಹ್ನ, ಅವಳೇ ಆ ಪುಸ್ತಕ ಕಪಾಟಿಂದ ತೆಗ್ದು ಓದಕ್ಕೆ ಕೂತಿದ್ಲು, ನಾನು ಏನೋ ಕೆಲಸದಲ್ಲಿದ್ದೆ ಗಮನಿಸ್ಲಿಲ್ಲ. ಬಾಗಿಲ ಹತ್ರ ಬಂದು ನಿಂತ್ಲು, ಬೆರಳು ಪುಸ್ತಕದ ಮಧ್ಯ ಇತ್ತು. ಅಪ್ಪಾ, ಶಾರ್ಲೆಟ್ ಸತ್ತೋಗಿದಾಳೆ ಅಂದ್ಲು. ಈಗಷ್ಟೇ ಯಾರೋ ಬಂದು ಸುದ್ದಿ ಹೇಳಿದ್ರು ಅನ್ನೋ ಹಂಗೆ. ಆಮೇಲೆ ನನ್ನ ಮುಖ ನೋಡಿದ್ಲು, ನಿಂಗೆ ಗೊತ್ತಿತ್ತು ಅಲ್ವಾ ಅಂದ್ಲು.

ಗೊತ್ತಿತ್ತು ಅಂದೆ. ನೀನು ಚಿಕ್ಕೋಳಿದ್ದೆ, ಅಳ್ತೀಯ ಅಂತ ಹೇಳ್ಲಿಲ್ಲ ಅಂದೆ. ಸುಳ್ಳು ಹೇಳಿದ್ದಕ್ಕೆ ಜಗಳ ಆಡ್ತಾಳೆ ಅನ್ಕೊಂಡಿದ್ದೆ, ಅವಳು ಅದರ ವಿಷಯನೇ ಎತ್ಲಿಲ್ಲ, ಅವಳ ಹತ್ರ ಯಾರೂ ಇರ್ಲಿಲ್ಲ ಅಂತ ಇದೆ, ಹಾಗಾದ್ರೆ ಆವತ್ತು ನಾವೂ ಅಲ್ಲಿ ಇರ್ಲಿಲ್ಲ ಅಂದ್ಲು.

ಅದಕ್ಕೆ ಏನು ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ, ಈಗ್ಲೂ ಗೊತ್ತಿಲ್ಲ. ಕಥೆಯಲ್ಲಿ ಯಾರೂ ಇಲ್ಲ ಸರಿ, ಆದ್ರೆ ಓದೋರು ಇರ್ತಾರಲ್ಲ, ಆ ಪುಟ ಓದ್ತಿರೋ ಒಬ್ರು ಅಲ್ಲಿ ಅವಳ ಪಕ್ಕ ಇದ್ದೇ ಇರ್ತಾರೆ, ನಾನು ಆ ಪುಟ ಹಾರಿಸಿದ್ರಿಂದ ನಾವಿಬ್ರೂ ವಿಲ್ಬರ್ ಜೊತೆ ಗಾಡಿ ಹತ್ತಿ ಬಂದ್ಬಿಟ್ಟಿದ್ವಿ. 3 ವರ್ಷ ಶಾರ್ಲೆಟ್ ಆ ಖಾಲಿ ಬಯಲಲ್ಲೇ ಇದ್ಲು.

ಮಗಳು ಪಕ್ಕದಲ್ಲಿ ಕೂತು ಜೋರಾಗಿ ಅತ್ಲು, ನಾನೂ. ಸ್ವಲ್ಪ ಹೊತ್ತಾದ್ಮೇಲೆ ನೀನು ಯಾರು ಸತ್ತಾಗ ಅತ್ತಿದೀಯ ಅಂತ ಕೇಳಿದ್ಲು, ಕಥೆಗಳಲ್ಲಿ.

ಮೊದಲು ನೆನಪಾಗಿದ್ದು ಪುಣ್ಯಕೋಟಿ ಹಾಡಿನ ಹುಲಿ. ಆ ಹಾಡು ಹೇಳೋವಾಗ ಎಲ್ರಿಗೂ ಹಸುವಿಂದೇ ಚಿಂತೆ, ಕರುವಿಂದೇ ಚಿಂತೆ, ನಿಜ, ಅಷ್ಟೊಂದು ಕರುಳು ಹಿಂಡೋ ಹಾಗಿದೆ ಅದು. ಆದ್ರೆ ಕೊನೇಲಿ ಸಾಯೋದು ಹಸು ಅಲ್ಲ, ಅರ್ಬುತ. ಹಸಿದಿದ್ದ ಹುಲಿ, ಕೊಟ್ಟ ಮಾತಿಗೆ ವಾಪಸ್ ಬಂದ ಹಸುನ ನೋಡಿ ತಿನ್ನಕ್ಕಾಗದೆ ತಾನೇ ಪ್ರಾಣ ಬಿಡುತ್ತೆ. ನಾನು ಚಿಕ್ಕೋನಿದ್ದಾಗ ಆ ಹುಲಿಗೆ ಯಾರೂ ಯಾಕೆ ಅಳಲ್ಲ ಅಂತ ಕೇಳಿದ್ದಕ್ಕೆ ಅದು ಕಥೆ ಕಣೋ ಅಂದಿದ್ರು ದೊಡ್ಡೋರು. ಕಥೆ ಅಂತ ನಂಗೂ ಗೊತ್ತಿತ್ತು, ಆದ್ರೂ ಅಳು ಬಂದಿತ್ತು.

ಆಮೇಲೆ ಮುಂಗಾರು ಮಳೆಯ ದೇವದಾಸ. 2006ರ ಆ ಸಿನಿಮಾ ನೋಡಿದೋರು ಯಾರೂ ಆ ಮೊಲನ ಮರೆತಿರಲ್ಲ. ಪ್ರೀತಂ ತನ್ನ ಮನಸ್ಸಲ್ಲಿರೋದನ್ನೆಲ್ಲ ಆ ಮೊಲದ ಹತ್ರ ಹೇಳ್ಕೊಳ್ತಿದ್ದ, ಹುಡುಗಿ ಬೇರೆಯವ್ರ ಪಾಲಾದ್ಲು ಅನ್ನೋದನ್ನ ಹೇಗೋ ತಡ್ಕೊಂಡೋರೂ ಮೊಲ ಸತ್ತಾಗ ಕುಸಿದುಬಿಟ್ರು, ಯಾಕಂದ್ರೆ ಇನ್ಮೇಲೆ ಅವನು ಈ ದುಃಖನ ಯಾರ ಹತ್ರ ಹೇಳ್ಕೊಬೇಕು. 2022ರ 777 ಚಾರ್ಲಿ ಬಗ್ಗೆ ನಾನು ಹೇಳೋದೇ ಬೇಡ, ಅದನ್ನ ಮಗಳೂ ನೋಡಿದಾಳೆ, ಸಾಯೋ ನಾಯಿಗೆ ಹಿಮ ತೋರಿಸ್ಬೇಕು ಅಂತ ಅಷ್ಟು ದೂರ ಹೊರಟ ಧರ್ಮನ್ನ ಅವಳು ಆಗಾಗ ನೆನೆಸ್ಕೊಳ್ತಾಳೆ.

ನನ್ನ ಅಕ್ಕನ್ನ ಕೇಳಿದ್ರೆ ಸೆತ್ಸುಕೋಗಿಂತ ದುಃಖದ ಸಾವು ಇಲ್ವೇ ಇಲ್ಲ ಅಂತಾಳೆ, 1988ರ ಜಪಾನಿ ಸಿನಿಮಾ ಗ್ರೇವ್ ಆಫ್ ದಿ ಫೈರ್‌ಫ್ಲೈಸ್‌ನ 4 ವರ್ಷದ ಮಗು. ಹಸಿವಿಗೆ ಕೊನೆಕೊನೆಗೆ ಮಣ್ಣುಂಡೆ ಮಾಡಿ ಅನ್ನ ತಗೋ ಅಂತ ಅಣ್ಣನಿಗೆ ಕೊಡ್ತಾಳಲ್ಲ, ಆ ಸೀನ್ ನಾನು ಇನ್ನೊಂದ್ಸಲ ನೋಡೋ ಧೈರ್ಯ ಮಾಡಿಲ್ಲ. ಅದರ ಮೂಲ ಕಥೆ ಬರೆದ ಅಕಿಯುಕಿ ನೊಸಾಕ ಯುದ್ಧದ ಕಾಲದಲ್ಲಿ ತನ್ನ ಪುಟ್ಟ ತಂಗಿನ ಹಸಿವಿಂದನೇ ಕಳ್ಕೊಂಡೋರು. ಇದನ್ನ ಮಗಳಿಗೆ ಹೇಳ್ಲಿಲ್ಲ, ಇನ್ನೂ ದೊಡ್ಡೋಳಾಗ್ಲಿ, ಆದ್ರೆ ಆ ದಿನ ಬಂದಾಗ ಏನೂ ಕತ್ತರಿಸದೆ ಜೊತೇಲಿ ಕೂತು ನೋಡ್ತೀನಿ ಅಂತ ಮನಸ್ಸಲ್ಲೇ ಅಂದ್ಕೊಂಡೆ.

ಹ್ಯಾರಿ ಪಾಟರ್‌ನ ಡಾಬಿ ಬಗ್ಗೆ ಹೇಳ್ದೆ, ಒಂದು ಸಾಕ್ಸ್ ಸಿಕ್ಕಿದ್ರಿಂದ ಗುಲಾಮಗಿರಿಯಿಂದ ಬಿಡುಗಡೆ ಆದ ಮನೆಯಾಳು ಅವನು. ಎಲ್ಲರನ್ನೂ ಕಾಪಾಡಿ ಸತ್ತ ಆ ಪುಟ್ಟ ಜೀವಕ್ಕೆ ಹ್ಯಾರಿ ಮಂತ್ರ ಬಳಸದೆ ತಾನೇ ಬೆವರು ಸುರಿಸಿ ಗುಂಡಿ ತೋಡ್ತಾನೆ, ರಾನ್ ತನ್ನ ಕಾಲಿನ ಸಾಕ್ಸ್ ಬಿಚ್ಚಿ ಅದಕ್ಕೆ ಹಾಕ್ತಾನೆ. ಸಿನಿಮಾದಲ್ಲಿ ಡಾಬಿ ಸಾಯೋ ಸೀನ್ ಶೂಟ್ ಮಾಡಿದ್ದು ವೇಲ್ಸ್‌ನ ಫ್ರೆಶ್‌ವಾಟರ್ ವೆಸ್ಟ್ ಅನ್ನೋ ಕಡಲತೀರದಲ್ಲಿ, ಅಲ್ಲಿ ಜನ ನಿಜವಾಗ್ಲೂ ಡಾಬಿಗೊಂದು ಸಮಾಧಿ ಮಾಡಿದಾರೆ, ಹೋದೋರೆಲ್ಲ ಸಾಕ್ಸ್ ಇಟ್ಟು ಬರ್ತಿದ್ರು, ಎಷ್ಟು ಅಂದ್ರೆ 2022ರಲ್ಲಿ ಆ ಜಾಗ ನೋಡ್ಕೊಳ್ಳೋ ನ್ಯಾಷನಲ್ ಟ್ರಸ್ಟ್‌ನೋರು ಸಮಾಧಿ ಇರ್ಲಿ, ಆದ್ರೆ ಪರಿಸರಕ್ಕೆ ತೊಂದ್ರೆ ಆಗುತ್ತೆ ಸಾಕ್ಸ್ ಮಾತ್ರ ಇಡಬೇಡಿ ಅಂತ ಕೇಳ್ಕೊಬೇಕಾಯ್ತು. ಮಗಳು ಇದನ್ನ ಬಹಳ ಸೀರಿಯಸ್ಸಾಗಿ ಕೇಳಿಸ್ಕೊಂಡ್ಲು. ಅವರೆಲ್ಲ ಅವನ ಹತ್ರ ಹೋಗಿದಾರೆ ಅಂದ್ಲು.

ಹೂಂ ಅಂದೆ. ಇನ್ನೊಂದು ಗೊತ್ತಿತ್ತು ನಂಗೆ, ಅದನ್ನೂ ಹೇಳ್ದೆ. 1970ರಲ್ಲಿ ವೈಟ್ ಈ ಪುಸ್ತಕನ ತಮ್ಮ ದನೀಲೇ ಓದಿ ರೆಕಾರ್ಡ್ ಮಾಡಿದ್ರು, ಶಾರ್ಲೆಟ್ ಸಾಯೋ ಜಾಗಕ್ಕೆ ಬಂದಾಗ ದನಿ ಒಡೆದು ಹೋಗಿ ಹೋಗಿ 17 ಸಲ ಓದ್ಬೇಕಾಯ್ತಂತೆ. ಬರೆದೋರು ಅವರೇ, ಪುಸ್ತಕ ಬಂದು 18 ವರ್ಷ ಆಗಿತ್ತು, ಮುಂದಿನ ವಾಕ್ಯ ಏನು ಅಂತ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ.

ಹಾಗಾದ್ರೆ ನೀನೂ ಓದು ಅಂದ್ಲು, ಪುಸ್ತಕ ನನ್ನ ಕೈಗೆ ಕೊಟ್ಟು.

ಆ ರಾತ್ರಿ ಓದ್ದೆ. ಈ ಸಲ ಕನ್ನಡಕ್ಕೆ ತಿರುಗಿಸಿ ಹೇಳ್ಲಿಲ್ಲ, ಅಲ್ಲಿ ಹೇಗಿದ್ಯೋ ಹಾಗೆ. ಕಾಲು ಬೀಸೋ ಹತ್ರ ನಿಂತೆ, ಮತ್ತೆ ಶುರು ಮಾಡ್ದೆ, ಮತ್ತೆ ನಿಂತೆ. ಅವಳು ಏನೂ ಅನ್ಲಿಲ್ಲ, ಪುಟದ ಅಂಚು ಹಿಡ್ಕೊಂಡು ಕಾಯ್ತಿದ್ಲು, ನಾಲ್ಕನೇ ಸಲಕ್ಕೆ ಆ ಕೊನೇ ವಾಕ್ಯದವರೆಗೂ ಬಂದೆ. ಮುಂದಿನ ಅಧ್ಯಾಯದಲ್ಲಿ ಮರಿಗಳು ಹುಟ್ಟುತ್ವೆ, ಹೆಚ್ಚುಕಮ್ಮಿ ಎಲ್ಲಾ ಗಾಳೀಲಿ ತೇಲಿ ಹೋಗ್ತವೆ, ಮೂರೇ ಮೂರು ವಿಲ್ಬರ್ ಹತ್ರ ಉಳಿಯುತ್ವೆ, ಅದನ್ನೂ ಈಗ್ಲೇ ಓದ್ಬಿಡೋಣ್ವಾ ಮನಸ್ಸು ಹಗುರ ಆಗುತ್ತೆ ಅಂದೆ. ಇವತ್ತು ಬೇಡ ಅಂದ್ಲು.

ಮಾರನೇ ರಾತ್ರಿ ಅದೇ ಅಧ್ಯಾಯ ತೆಗ್ದು ಮತ್ತೆ ನನ್ನ ಮುಂದೆ ಹಿಡಿದ್ಲು. ನಿನ್ನೆ ಓದಿದ್ವಲ್ಲ ಕಂದಾ ಅಂದೆ. ಇವತ್ತೂ ಓದು ಅಂದ್ಲು, ಓದ್ದೆ.