ಕೆಂಪು ಗೆರೆ ಇಲ್ಲದ ಊರಿನಲ್ಲಿ ಒಂದು ನಡಿಗೆ

ಶ್ರೀರಂಗಪಟ್ಟಣದ ನಡಿಗೆಯ ಕಥೆಯನ್ನು ನಾನಿರುವ ಅಮೆರಿಕದ ಬಾಸ್ಟನ್ನಿನಿಂದಲೇ ಶುರು ಮಾಡಬೇಕು. ಬಾಸ್ಟನ್ನಿಗೆ ಯಾರೇ ಬರಲಿ, ಊರು ತೋರಿಸು ಅಂದರೆ ನಾನು ಕಾರಿನ ಕೀ ಮುಟ್ಟುವುದಿಲ್ಲ. ಮೆಟ್ರೋದಲ್ಲಿ ಪಾರ್ಕ್ ಸ್ಟ್ರೀಟ್ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ, ಬಾಸ್ಟನ್ ಕಾಮನ್ ಮೈದಾನದ ಅಂಚಿನಲ್ಲಿ ನಿಲ್ಲಿಸಿ, "ತಲೆ ಎತ್ತಬೇಡಿ, ಕೆಳಗೆ ನೋಡಿ" ಅನ್ನುತ್ತೇನೆ. ಫುಟ್‌ಪಾತಿನ ಮೇಲೆ ಒಂದು ಕೆಂಪು ಗೆರೆ ಓಡುತ್ತಿರುತ್ತದೆ. ಕೆಲವು ಕಡೆ ಇಟ್ಟಿಗೆ ಹೂತಿದ್ದಾರೆ, ಇಟ್ಟಿಗೆ ಇಲ್ಲದ ಕಡೆ ಬರೀ ಬಣ್ಣ ಬಳಿದಿದ್ದಾರೆ. ಅದು ರಸ್ತೆ ದಾಟುತ್ತದೆ, ಸಂದಿಯಲ್ಲಿ ತಿರುಗುತ್ತದೆ, ಸೇತುವೆ ಹತ್ತಿ ನದಿಯಾಚೆಯ ಚಾರ್ಲ್ಸ್‌ಟೌನ್‌ವರೆಗೂ ಹೋಗುತ್ತದೆ. ಎರಡೂವರೆ ಮೈಲಿ, ಅಂದರೆ ನಾಲ್ಕು ಕಿಲೋಮೀಟರ್. ದಾರಿಯಲ್ಲಿ ನೋಡುವ ಜಾಗ 16. ಹೆಸರು ಫ್ರೀಡಂ ಟ್ರೇಲ್. ಗೈಡ್ ಬೇಕಿಲ್ಲ, ಯಾರನ್ನೂ ದಾರಿ ಕೇಳಬೇಕಿಲ್ಲ, ಸುಸ್ತಾದರೆ ಎಲ್ಲಿ ಬೇಕಾದರೂ ಬಿಟ್ಟು ಮತ್ತೆ ಅಲ್ಲಿಂದಲೇ ಹಿಡಿಯಬಹುದು. ನಡೆಯುವುದಕ್ಕೆ ಕಾಸಿಲ್ಲ, ಒಳಗೆ ಹೋಗಿ ನೋಡಬೇಕೆಂದರೆ ಕೆಲವು ಕಟ್ಟಡಗಳಿಗೆ ಮಾತ್ರ ಟಿಕೆಟ್.

ಇದೇನೂ ದೊಡ್ಡ ಇಂಜಿನಿಯರುಗಳ ತಲೆಯಿಂದ ಬಂದದ್ದಲ್ಲ. ಹಳೇ ಬಾಸ್ಟನ್ನಿನ ಬೀದಿಗಳು ಮಹಾ ಗೋಜಲು. 1951ರಲ್ಲಿ ವಿಲಿಯಂ ಸ್ಕೋಫೀಲ್ಡ್ ಎಂಬ ಪತ್ರಕರ್ತ, ಇಷ್ಟು ಹತ್ತಿರ ಹತ್ತಿರ ಇರುವ ಜಾಗಗಳನ್ನು ಒಂದೇ ದಾರಿಗೆ ಪೋಣಿಸಬಾರದೇ ಎಂದು ಬರೆದ. ಆಗಿನ ಮೇಯರ್ ಜಾನ್ ಹೈನ್ಸ್ ಒಪ್ಪಿದ. ಮೊದಲು ಬೋರ್ಡು ಬಂತು, ಗೆರೆ ಆಮೇಲೆ.

ಚಿನ್ನದ ಗುಮ್ಮಟದ ಸ್ಟೇಟ್ ಹೌಸ್ ದಾಟಿದರೆ ಗ್ರ್ಯಾನರಿ ಸ್ಮಶಾನ. 1660ರದ್ದು. ಸ್ಮಶಾನಕ್ಕೆ ಯಾಕಪ್ಪ ಕರೆದುಕೊಂಡು ಬಂದೆ ಎಂದು ನಮ್ಮ ಕಡೆಯವರೆಲ್ಲ ಮುಖ ಹುಳ್ಳಗೆ ಮಾಡುತ್ತಾರೆ. ಆದರೆ ಅಮೆರಿಕದ ಸ್ವಾತಂತ್ರ್ಯದ ಕಥೆಯಲ್ಲಿ ಬರುವ ಸ್ಯಾಮ್ಯುಯೆಲ್ ಆಡಮ್ಸ್, ಜಾನ್ ಹ್ಯಾನ್‌ಕಾಕ್, ಪಾಲ್ ರಿವೇರ್ ಎಲ್ಲ ಇಲ್ಲೇ ಮಲಗಿದ್ದಾರೆ. ಕರಿ ಸ್ಲೇಟಿನ ತೆಳು ಕಲ್ಲುಗಳ ಮೇಲೆ ರೆಕ್ಕೆ ಇರುವ ತಲೆಬುರುಡೆ ಕೆತ್ತಿರುತ್ತಾರೆ. ರಿವೇರ್ ಸಮಾಧಿಯ ಮೇಲೆ ಜನ ಚಿಲ್ಲರೆ ಕಾಸು ಇಟ್ಟು ಹೋಗುತ್ತಾರೆ. ಯಾಕೆ ಇಡುತ್ತಾರೋ, ನಾವು ಹೊಳೆಗೆ ಕಾಸು ಎಸೆಯುವುದಕ್ಕೆ ಯಾರು ಕಾರಣ ಕೇಳಿದ್ದಾರೆ! ಅಲ್ಲಿಂದ ಮುಂದೆ 1718ರ ಹಳೇ ಪುಸ್ತಕದಂಗಡಿ ಸಿಗುತ್ತದೆ. ಒಂದು ಕಾಲಕ್ಕೆ ಅಮೆರಿಕದ ದೊಡ್ಡ ಲೇಖಕರ ಪುಸ್ತಕಗಳು ಪ್ರಕಟವಾಗುತ್ತಿದ್ದ ಜಾಗ, ಈಗ ಅಲ್ಲಿ ಮೆಕ್ಸಿಕನ್ ಊಟ ಮಾರುತ್ತಾರೆ. ಪರಂಪರೆ ಹಾಳು ಮಾಡುವುದರಲ್ಲಿ ನಾವೇ ಮುಂದು ಅಂದುಕೊಂಡವರಿಗೆ ಈ ಕಟ್ಟಡ ತೋರಿಸಿದರೆ ಸ್ವಲ್ಪ ಸಮಾಧಾನ.

ನಾನು ಎಲ್ಲರನ್ನೂ ಹೆಚ್ಚು ಹೊತ್ತು ನಿಲ್ಲಿಸುವುದು ಓಲ್ಡ್ ಸೌತ್ ಮೀಟಿಂಗ್ ಹೌಸಿನ ಮುಂದೆ. 1773ರ ಡಿಸೆಂಬರ್ 16ರಂದು ಇಲ್ಲಿ ಸುಮಾರು 5000 ಜನ ಸೇರಿದ್ದರು. ರಾತ್ರಿ ಇಲ್ಲಿಂದ ಬಂದರಿಗೆ ಹೋದವರು ಹಡಗುಗಳಲ್ಲಿದ್ದ 342 ಪೆಟ್ಟಿಗೆ ಚಹಾವನ್ನು ಸಮುದ್ರಕ್ಕೆ ಸುರಿದರು. ಇಷ್ಟು ನಾವೂ ಹೈಸ್ಕೂಲಿನಲ್ಲಿ ಓದಿದ್ದೇವೆ. ಅಮ್ಮ ಬಂದಿದ್ದಾಗ ಅವಳಿಗೆ ಸಂಕಟವಾದದ್ದು ಒಂದೇ: "ಅಷ್ಟೊಂದ್ ಟೀ ಪುಡೀನ ನೀರಿಗ್ ಸುರ್ದ್‌ಬುಟ್ರಾ?" ಆ ಚಹಾ ಯಾರದ್ದು ಎಂದು ಮಾತ್ರ ನಮಗೆ ಯಾರೂ ಒತ್ತಿ ಹೇಳಿಕೊಡಲಿಲ್ಲ. ಅದು ಈಸ್ಟ್ ಇಂಡಿಯಾ ಕಂಪನಿಯದ್ದು. ಕಂಪನಿ ಆಗ ಸಾಲದಲ್ಲಿ ಮುಳುಗಿತ್ತು. 1770ರ ಬಂಗಾಳದ ಕ್ಷಾಮ ಒಂದು ಕಾರಣ. ಯುದ್ಧಗಳ ಖರ್ಚು ಇನ್ನೊಂದು. ಆ ಯುದ್ಧಗಳಲ್ಲಿ ನಮ್ಮ ಮೈಸೂರಿನದ್ದೂ ಇದೆ. 1769ರಲ್ಲಿ ಹೈದರ್ ಅಲಿ ಮದರಾಸಿನ ಬಾಗಿಲವರೆಗೆ ದಂಡು ತಂದು ತನಗೆ ಬೇಕಾದಂತೆ ಒಪ್ಪಂದ ಬರೆಸಿಕೊಂಡ. ಅವನ ದಾಳಿಯ ಸುದ್ದಿ ಲಂಡನ್ನಿಗೆ ಮುಟ್ಟಿದ್ದೇ ತಡ, ಕಂಪನಿಯ ಷೇರು ಕುಸಿಯಿತು. ಕಂಪನಿಯನ್ನು ಉಳಿಸಲು ಬ್ರಿಟಿಷ್ ಪಾರ್ಲಿಮೆಂಟು 1773ರಲ್ಲಿ ಚಹಾ ಕಾಯ್ದೆ ತಂದು, ಗೋಡೌನಿನಲ್ಲಿ ಉಳಿದ ಮಾಲನ್ನು ನೇರ ಅಮೆರಿಕಕ್ಕೆ ಸಾಗಿಸಲು ಬಿಟ್ಟಿತು. ಮುಂದಿನದ್ದು ಬಾಸ್ಟನ್ ಬಂದರಿನ ಕಥೆ.

ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವನಿಗೆ ಇದು ತಲೆಗೆ ಹತ್ತಿದ ಮೇಲೆ ಆ ಕೆಂಪು ಗೆರೆ ಬೇರೆಯದೇ ಥರ ಕಾಣುತ್ತದೆ. ಓಲ್ಡ್ ಸ್ಟೇಟ್ ಹೌಸಿನ ಬಾಲ್ಕನಿಯ ಕೆಳಗೆ, ಟ್ರಾಫಿಕ್ಕಿನ ನಡುವೆ, ದುಂಡಗೆ ಕಲ್ಲು ಜೋಡಿಸಿದ ಒಂದು ಗುರುತು ಇದೆ. 1770ರ ಮಾರ್ಚ್ 5ರಂದು ಬ್ರಿಟಿಷ್ ಸಿಪಾಯಿಗಳ ಗುಂಡಿಗೆ ಐದು ಜನ ಸತ್ತ ಘಟನೆಯ ಗುರುತು ಅದು. ತುಂಬ ಜನ ಅದನ್ನು ತುಳಿದುಕೊಂಡೇ ಸಿಗ್ನಲ್ ದಾಟುತ್ತಾರೆ. ಫ್ಯಾನ್ಯುಯಿಲ್ ಹಾಲ್, ಪಾಲ್ ರಿವೇರ್ ಮನೆ, ಬ್ರಿಟಿಷ್ ಸೈನ್ಯ ಹೊರಟಿದೆ ಎಂದು ತಿಳಿಸಲು ಎರಡು ಲಾಂದ್ರ ತೂಗಿಸಿದ ಓಲ್ಡ್ ನಾರ್ತ್ ಚರ್ಚು, ಇವಕ್ಕೆಲ್ಲ ಒಂದೊಂದು ಫೋಟೋ ಸಾಕು. ನಡುವಿನ ಇಟಾಲಿಯನ್ ಬೇಕರಿಗಳನ್ನು ಮಾತ್ರ ಬಿಡಬೇಡಿ. ಆದರೂ ಒಂದು ಮಾತು. ಗೆರೆ ಎಳೆದವರು ತಮಗೆ ಬೇಕಾದ್ದರ ಮೇಲೆ ಎಳೆದಿದ್ದಾರೆ. ಸ್ವಾತಂತ್ರ್ಯದ ತೊಟ್ಟಿಲು ಎಂದು ಕರೆಸಿಕೊಳ್ಳುವ ಫ್ಯಾನ್ಯುಯಿಲ್ ಹಾಲ್ ಕಟ್ಟಿಸಿದವನು ಗುಲಾಮರ ವ್ಯಾಪಾರದಲ್ಲಿ ಇದ್ದವನು. ಚಹಾ ಸುರಿದ ಬಂದರಿನ ಜಾಗವೇ ಈ ದಾರಿಯಲ್ಲಿಲ್ಲ.

ಕೊನೆಗೆ ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಹಡಗು. 1797ರಲ್ಲಿ ನೀರಿಗಿಳಿದದ್ದು, ಇಂದಿಗೂ ತೇಲುತ್ತಿದೆ, ನೌಕಾಪಡೆಯ ಲೆಕ್ಕದಲ್ಲೂ ಇದೆ. ಅದರ ಮುಂದೆ ನಿಂತಾಗ ನಾನು ಇನ್ನೊಂದು ಹಡಗಿನ ವಿಷಯ ಎತ್ತದೆ ಬಿಡುವುದಿಲ್ಲ. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೋಲಿಸಿ ಹಿಡಿದ ಪೆನ್ಸಿಲ್ವೇನಿಯಾದ ಹಡಗಿಗೆ ಇಟ್ಟಿದ್ದ ಹೆಸರು 'ಹೈದರ್ ಅಲಿ'. ಅವರ ಶತ್ರುವಿನ ಶತ್ರು ನಮ್ಮ ಕಡೆಯವನಾಗಿದ್ದ. ಅದರ ಹಿಂದಿನ ವರ್ಷ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಬ್ರಿಟಿಷ್ ಸೇನೆಯ ನಾಯಕ ಕಾರ್ನ್‌ವಾಲಿಸ್. ಸೋತು ಹೋದವನು ಮನೆಯಲ್ಲಿ ಕೂರಲಿಲ್ಲ. 1792ರಲ್ಲಿ ಗವರ್ನರ್ ಜನರಲ್ ಆಗಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕಿತ್ತುಕೊಂಡ. ಅಲ್ಲಿ ಕಳೆದುಕೊಂಡದ್ದನ್ನು ಇಲ್ಲಿ ವಸೂಲು ಮಾಡಿದ ಅನ್ನಿ.

ಹಾಗಾಗಿ ಈ ಸಲ ರಜೆಗೆ ಬಂದಾಗ ಶ್ರೀರಂಗಪಟ್ಟಣವನ್ನು ಬಾಸ್ಟನ್ನಿನ ಹಾಗೆ ನಡೆದೇ ನೋಡಬೇಕು ಅಂತ ಹಟ ಹಿಡಿದೆ. ಜೊತೆಗೆ ಅಕ್ಕನ ಮಗ, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. "ಮಾವ, ಬಿಸ್ಲಲ್ಲಿ ಯಾರ್ ನಡೀತಾರೆ? ಗಾಡಿ ತತ್ತೀನಿ ಇರಿ" ಅಂದ. ಗಾಡಿ ಮನೆಯಲ್ಲೇ ಬಿಟ್ಟು ಬೆಳಗಿನ ರೈಲು ಹತ್ತಿದೆವು. ಮೈಸೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಎಷ್ಟೊತ್ತಿನ ದಾರಿ, ಕೂತು ಏಳುವಷ್ಟರಲ್ಲಿ ಸ್ಟೇಷನ್ ಬರುತ್ತದೆ. ಹಳಿ ಕೋಟೆಯನ್ನೇ ಸೀಳಿಕೊಂಡು ಹೋಗಿದೆ, ಆದ್ದರಿಂದ ಇಳಿದ ಕೂಡಲೇ ನೀವು ಕಥೆಯ ಒಳಗೇ ಇರುತ್ತೀರಿ.

ನಮ್ಮಲ್ಲಿ ಟೂರಿಸ್ಟ್ ವ್ಯಾನಿನವರು ಈ ಊರನ್ನು ತೋರಿಸುವ ರೀತಿ ನಿಮಗೆ ಗೊತ್ತು. ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ. ಸಂಜೆಗೆ ಕೆಆರ್‌ಎಸ್ ಲೈಟು ನೋಡಬೇಕಲ್ಲ, ಅದಕ್ಕೇ ಎಲ್ಲ ಓಡುಗಾಲಲ್ಲಿ. ಪ್ರತಿಯೊಂದು ಜಾಗವೂ ಚೆನ್ನಾಗಿದೆ, ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ದ್ವೀಪವನ್ನು ಪಶ್ಚಿಮದಿಂದ ಪೂರ್ವಕ್ಕೆ ನಡೆಯಬೇಕು. 1799ರ ಮೇ 4ರಂದು, ಟಿಪ್ಪು ಸತ್ತ ದಿನ, ಬ್ರಿಟಿಷರು ಕೋಟೆಗೆ ನುಗ್ಗಿದ್ದು ಅದೇ ದಿಕ್ಕಿನಲ್ಲಿ.

ರಂಗನಾಥನಿಗೆ ಕೈಮುಗಿದು ಮೊದಲು ಪಶ್ಚಿಮದ ಕೋಟೆ ಗೋಡೆಯ ಕಡೆ ಹೋಗಿ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಮುತ್ತಿಗೆಯ ಸ್ಮಾರಕ ಕಂಬ ಅಲ್ಲಿದೆ. ವ್ಯಾನುಗಳು ಇಲ್ಲಿಗೆ ಬರುವುದೇ ಅಪರೂಪ. ಗೋಡೆಯ ಮೇಲಿಂದ ನೋಡಿದರೆ ಕಾವೇರಿಯಲ್ಲಿ ಬಂಡೆಗಳು ಹರಡಿಕೊಂಡಿವೆ. ಬೇಸಗೆಯಲ್ಲಿ ನೀರು ಇಳಿದಿದ್ದಾಗ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಬ್ರಿಟಿಷ್ ಸೈನ್ಯ ಇದೇ ಬಂಡೆಗಳ ಮೇಲೆ ದಾಟಿ ಬಂದು, ಫಿರಂಗಿಯಿಂದ ಒಡೆದಿಟ್ಟಿದ್ದ ಗೋಡೆ ಹತ್ತಿತು. ಮುಂದೆ ನಿಂತು ನುಗ್ಗಿಸಿದವನು ಬ್ರಿಟಿಷ್ ಅಧಿಕಾರಿ ಡೇವಿಡ್ ಬೇರ್ಡ್. ಅವನಿಗೆ ಊರು ಹೊಸದಲ್ಲ. 1780ರಲ್ಲಿ ಹೈದರ್, ಟಿಪ್ಪು ಸೇರಿ ಬ್ರಿಟಿಷರನ್ನು ಸೋಲಿಸಿದ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ಮೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲೇ ಕೈದಿಯಾಗಿದ್ದ.

ಕೈಯಲ್ಲಿ ನಕ್ಷೆಯ ಪ್ರಿಂಟು ಹಿಡಿದು ಗೋಡೆ ನೋಡುತ್ತಿದ್ದೆವಲ್ಲ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತುಬಿಟ್ಟರು.

"ಯಾಕ್ ಸ್ವಾಮಿ, ಸರ್ವೆನಾ? ರೋಡ್ ಅಗ್ಲ ಮಾಡ್ತಾರಾ?"

"ಇಲ್ಲ ತಾತ, ಸುಮ್ನೆ ನೋಡ್ಕೊಂಡ್ ಓಗಣ ಅಂತ."

"ನೋಡಕ್ಕೆ ಇಲ್ಗ್ಯಾಕ್ ಬಂದ್ರಿ? ನೋಡಾದೆಲ್ಲ ಆಚ್ಕಡೆ ಐತೆ" ಅಂದು, ನಂಬಿಕೆ ಬಾರದೆ ನಾವು ಕಣ್ಮರೆಯಾಗುವವರೆಗೂ ಅಲ್ಲೇ ನಿಂತಿದ್ದರು. ಅವರದ್ದೇನೂ ತಪ್ಪಲ್ಲ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಕಾಗದ ಹಿಡಿದವನನ್ನು ಕಂಡರೆ ಎಲ್ಲರಿಗೂ ಮೊದಲು ಬರುವ ಅನುಮಾನ ಅದೇ.

ಗೋಡೆಯ ಪಕ್ಕದಲ್ಲೇ ಉತ್ತರಕ್ಕೆ ತಿರುಗಿದರೆ ಕರ್ನಲ್ ಬೈಲಿಯ ಸೆರೆಮನೆ. ನೆಲಮಟ್ಟಕ್ಕಿಂತ ಕೆಳಗೆ, ಕಮಾನುಗಳ ಬಿಳಿ ಗಾರೆಯ ಹಾಲು. ಗೋಡೆಯಿಂದ ಚಾಚಿದ ಕಲ್ಲುಗಳಲ್ಲಿ ತೂತುಗಳಿವೆ, ಕೈದಿಗಳ ಸರಪಳಿ ಕಟ್ಟುವುದಕ್ಕೆ. ಹುಡುಗ ಒಂದು ಕಲ್ಲಿನ ಪಕ್ಕ ತೋಳು ಚಾಚಿ ನಿಂತು ನೋಡಿದ. ಕೂರುವುದಕ್ಕೂ ಆಗದ, ನೆಟ್ಟಗೆ ನಿಲ್ಲುವುದಕ್ಕೂ ಆಗದ ಎತ್ತರ. ಹೊರಗೆ ಸುಡು ಬಿಸಿಲಿದ್ದರೂ ಒಳಗೆ ತಂಪು, ಸುಣ್ಣದ ಪಸೆ ವಾಸನೆ. ಪೊಳ್ಳಿಲೂರಿನಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ದಳದ ನಾಯಕ ಬೈಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಅದರ ಹತ್ತಿರವೇ ಟಿಪ್ಪುವಿನ ದೇಹ ಸಿಕ್ಕಿದ ಜಾಗ. ಬರೀ ಒಂದು ಕಲ್ಲು, ಅದರ ಮೇಲೊಂದು ಸಾಲು. ಬಾಸ್ಟನ್ನಿನ ದುಂಡು ಕಲ್ಲಿನ ಗುರುತಿನಷ್ಟೇ ಚಿಕ್ಕದು. ವ್ಯತ್ಯಾಸ ಏನೆಂದರೆ ಅಲ್ಲಿ ನಿಮ್ಮನ್ನು ಗೆರೆಯೇ ತಂದು ನಿಲ್ಲಿಸುತ್ತದೆ, ಇಲ್ಲಿ ನಾವು ಒಂದು ಸಂದಿ ಮುಂದೆ ಹೋಗಿ ವಾಪಸು ಬಂದೆವು.

ದಾರಿಯಲ್ಲಿ ಟಿಪ್ಪುವಿನ ಕಾಲದ ಮದ್ದುಗುಂಡಿನ ಮನೆಯನ್ನೂ ನೋಡಿ. ಜೋಡಿ ಹಳಿ ಹಾಕುವುದಕ್ಕೆ ಅಡ್ಡವಾಗುತ್ತದೆಂದು 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಜರುಗಿಸಿ, ಬೇರೆ ಕಡೆ ಕೂರಿಸಿದರು. ಒಡೆದು ಹಾಕದೆ ಇಷ್ಟು ಪಾಡು ಪಟ್ಟಿದ್ದಾರಲ್ಲ, ಅದನ್ನು ಊರಿನವರಾಗಿ ನಾವು ಜಂಬದಿಂದ ಹೇಳಿಕೊಳ್ಳಬೇಕು. ನಮ್ಮ ಹುಡುಗನಿಗೆ ಇಡೀ ದಿನದಲ್ಲಿ ಹಿಡಿಸಿದ್ದು ಅದೊಂದೇ. ಜಾಕಿ ಎಲ್ಲಿ ಕೊಟ್ಟಿರಬಹುದು, ಭಾರ ಹೇಗೆ ಹಂಚಿರಬಹುದು ಎಂದು ಸುತ್ತು ಹೊಡೆಯುತ್ತಲೇ ಇದ್ದ.

ಎರಡು ಮಿನಾರಿನ ಮಸೀದಿ ದಾಟಿದರೆ ಕೋಟೆ ಮುಗಿಯಿತು. ಹೊಳೆಯ ಕಡೆ ಇರುವ ಗ್ಯಾರಿಸನ್ ಸ್ಮಶಾನವನ್ನು, ಅಂದರೆ ಬ್ರಿಟಿಷ್ ದಂಡಿನವರ ಸ್ಮಶಾನವನ್ನು, ದಯವಿಟ್ಟು ಬಿಡಬೇಡಿ. ಸುಮಾರು 300 ಗೋರಿಗಳು. ಅದರಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ. ಸಂಬಳಕ್ಕೆ ಯುದ್ಧ ಮಾಡುತ್ತಿದ್ದ ಈ ದಳ ಮೊದಲು ಡಚ್ಚರಿಗೆ, ಆಮೇಲೆ ಬ್ರಿಟಿಷರಿಗೆ ದುಡಿಯಿತು. ಕೋಟೆ ಮುತ್ತಿದ ಸೈನ್ಯದಲ್ಲೂ ಇತ್ತು. ಅದೇ ರೆಜಿಮೆಂಟು 1813ರಲ್ಲಿ ಕೆನಡಾಕ್ಕೆ ಹೋಗಿ, ಮರುವರ್ಷ ಪ್ಲಾಟ್ಸ್‌ಬರ್ಗಿನಲ್ಲಿ ಅಮೆರಿಕದವರ ಎದುರು ನಿಂತಿತು. ಕೆಲಸ ಹುಡುಕಿಕೊಂಡು ಕಾವೇರಿ ದಂಡೆಯಿಂದ ಅಟ್ಲಾಂಟಿಕ್ ದಾಟಿದವರಲ್ಲಿ ನಾನು ಮೊದಲನೆಯವನಲ್ಲ ಎಂದು ಅಲ್ಲಿ ನಿಂತು ನಗು ಬಂತು.

ದರಿಯಾ ದೌಲತ್ 1784ರದ್ದು. ಹೊರಗಿನಿಂದ ನೋಡಿದರೆ ಬಿಸಿಲು ತಡೆಯುವ ಹಸಿರು ಪರದೆಗಳೇ ಕಾಣುವುದು. ಪಶ್ಚಿಮದ ಗೋಡೆಗೆ ನೇರ ಹೋಗಿ. ಅಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಕೆಂಪು ಕೋಟಿನ ಸಿಪಾಯಿಗಳು ಚೌಕವಾಗಿ ನಿಂತಿದ್ದಾರೆ, ನಡುವೆ ಮದ್ದಿನ ಗಾಡಿ ಹೊತ್ತಿ ಉರಿಯುತ್ತಿದೆ, ಪಲ್ಲಕ್ಕಿಯಲ್ಲಿ ಕೂತವನೇ ಬೈಲಿ. ಬೆಳಿಗ್ಗೆ ಅವನ ಸೆರೆಮನೆ ನೋಡಿ ಬಂದವರಿಗೆ ಆ ಪುಟ್ಟ ಮುಖ ಗುರುತಿನವನ ಮುಖವಾಗುತ್ತದೆ. ವ್ಯಾನಿನಲ್ಲಿ ಬಂದು ಮೊದಲು ಇದನ್ನೇ ನೋಡಿದರೆ ಅದು ಬಣ್ಣದ ಗೋಡೆ, ಅಷ್ಟೇ.

ಅಲ್ಲಿಂದ ಗಂಜಾಂ. ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ 1800ರಲ್ಲಿ ಕಟ್ಟಿಸಿದ ಚರ್ಚು ಇಲ್ಲಿದೆ, ನಿಮಿಷಾಂಬ ದೇವಸ್ಥಾನವೂ ಇದೆ. ಹೊಳೆ ದಂಡೆಯಲ್ಲಿ ಕಾಲು ನೆನೆಸಿಕೊಂಡು ಹೋಗಿ. ಗುಂಬಜ್ ತಲುಪುವ ಹೊತ್ತಿಗೆ ಕಾಲು ಮಾತಾಡಲು ಶುರು ಮಾಡಿರುತ್ತದೆ. ಸುತ್ತ 36 ಕರಿ ಕಲ್ಲಿನ ಕಂಬ, ಒಳಗೆ ಗೋಡೆಗೆಲ್ಲ ಹುಲಿಪಟ್ಟೆ. ಹೈದರ್, ಟಿಪ್ಪುವಿನ ತಾಯಿ ಫಕ್ರುನ್ನೀಸಾ, ಟಿಪ್ಪು ಮೂವರ ಗೋರಿಯೂ ಅಲ್ಲಿದೆ. ಮೇ 5ರ ಸಂಜೆ ಟಿಪ್ಪುವನ್ನು ಮಣ್ಣು ಮಾಡಿದ ಮೇಲೆ ಭಾರಿ ಗುಡುಗು ಮಳೆ ಬಂತೆಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ.

ನಡೆಯುವವರಿಗೆ ಎರಡು ಮಾತು. ದ್ವೀಪದ ಈ ತುದಿಯಿಂದ ಆ ತುದಿಗೆ ಐದು ಕಿಲೋಮೀಟರ್ ಆಸುಪಾಸು, ಸಂದಿ ಗೊಂದಿ ಸೇರಿದರೆ ಇನ್ನೂ ಸ್ವಲ್ಪ. ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ, ಏಳು ಗಂಟೆಗೆಲ್ಲ ಶುರು ಮಾಡಿ, ಟೋಪಿ ಮತ್ತು ನೀರು ಇಟ್ಟುಕೊಳ್ಳಿ. ತಿಂಡಿಯನ್ನು ಕೋಟೆ ಒಳಗೇ ಮುಗಿಸಿ, ಆಮೇಲೆ ಎಳನೀರು ಬಿಟ್ಟರೆ ಹೊಟ್ಟೆಗೆ ಹೆಚ್ಚೇನೂ ಸಿಗುವುದಿಲ್ಲ. ಬೋರ್ಡುಗಳನ್ನು ನೆಚ್ಚಬೇಡಿ, ಪಶ್ಚಿಮದ ಕಂಬದಿಂದ ಶುರುಮಾಡಿ ಹೆಸರುಗಳನ್ನು ಒಂದು ಚೀಟಿಯಲ್ಲಿ ಸಾಲಾಗಿ ಬರೆದುಕೊಂಡರೆ ಸಾಕು. ಗುಂಬಜ್ ಮುಂದೆ ಆಟೋಗಳು ಇರುತ್ತವೆ. ಸಂಗಮಕ್ಕೆ ಹೋಗಿ ಬಂದು ಸ್ಟೇಷನ್ನಿಗೆ ಬಿಡಲು ಎಷ್ಟು ಎಂದು ಮೊದಲೇ ಮಾತಾಡಿಕೊಂಡು ಹತ್ತಿ.