ಪಾಂಚಾಲಂಕುರಿಚಿಯಲ್ಲಿ ಪಂತುಲು ಅವರ ಕಟ್ಟಬೊಮ್ಮನ್

ತೂತುಕುಡಿಯಿಂದ ಒಟ್ಟಪಿಡಾರಂ ಕಡೆಗೆ ಹೊರಟರೆ ಉಪ್ಪು ಬೆಳೆಯುವ ಬಯಲು ಹಿಂದೆ ಸರಿದು, ಬಳ್ಳಾರಿ ಜಾಲಿ ಮತ್ತು ತಾಳೆಮರಗಳ ಒಣನೆಲ ಶುರುವಾಗುತ್ತದೆ. ಒಟ್ಟಪಿಡಾರಂ ಸ್ವಾತಂತ್ರ್ಯ ಹೋರಾಟಗಾರ ವ. ಉ. ಚಿದಂಬರಂ ಪಿಳ್ಳೆಯವರು ಹುಟ್ಟಿದ ಊರು. ಅದಕ್ಕೆ ಕೂಗಳತೆಯಲ್ಲೆಂಬಂತೆ ಇರುವ ಪಾಂಚಾಲಂಕುರಿಚಿ ವೀರಪಾಂಡ್ಯ ಕಟ್ಟಬೊಮ್ಮನ್ ಆಳಿದ ಪಾಳೆಯಪಟ್ಟು. ಈ ಇಬ್ಬರ ಕಥೆಯನ್ನೂ ತಮಿಳಿನಲ್ಲಿ ತೆರೆಗೆ ತಂದವರು ಕನ್ನಡ ಚಿತ್ರಗಳನ್ನೂ ಮಾಡಿದ ನಿರ್ದೇಶಕ ಬಿ. ಆರ್. ಪಂತುಲು ಎಂಬುದೇ ನನ್ನನ್ನು ಇತ್ತ ಎಳೆದು ತಂದದ್ದು.

ಇಲ್ಲಿ ಈಗ ಕಾಣುವ ಕೋಟೆ ಹಳೆಯದಲ್ಲ. 1799ರ ಸೆಪ್ಟೆಂಬರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಬ್ಯಾನರ್‌ಮನ್‌ನ ಪಡೆ ಹಳೆಯ ಕೋಟೆಗೆ ಮುತ್ತಿಗೆ ಹಾಕಿತು. ಕಟ್ಟಬೊಮ್ಮನ್‌ನ ತಮ್ಮ ಊಮೈದುರೈ ಸೆರೆಯಿಂದ ತಪ್ಪಿಸಿಕೊಂಡು ಬಂದು ಕೋಟೆಯನ್ನು ಮತ್ತೆ ಎಬ್ಬಿಸಿದ ಮೇಲೆ, 1801ರಲ್ಲಿ ಕಂಪನಿಯವರು ಅದನ್ನು ನೆಲಸಮ ಮಾಡಿದರು. ತಮಿಳುನಾಡು ಸರ್ಕಾರ ಇಂದಿನ ಸ್ಮಾರಕ ಕೋಟೆಯನ್ನು ಕಟ್ಟಿದ್ದು 1974ರಲ್ಲಿ. ಪಂತುಲು ಅವರ ‘ವೀರಪಾಂಡಿಯ ಕಟ್ಟಬೊಮ್ಮನ್’ ತೆರೆಕಂಡದ್ದು 1959ರ ಮೇ ತಿಂಗಳಲ್ಲಿ. ಅಂದರೆ ತೆರೆಯ ಮೇಲಿನ ಕೋಟೆ ಮೊದಲು, ಕಲ್ಲುಗಾರೆಯ ಕೋಟೆ ಹದಿನೈದು ವರ್ಷಗಳ ನಂತರ. ಒಳಗಿನ ಗೋಡೆಚಿತ್ರಗಳ ಮುಂದೆ ನಿಂತವರು ಚಿತ್ರದಲ್ಲಿ ನಾಯಕನಾಗಿದ್ದ ಶಿವಾಜಿ ಗಣೇಶನ್ ಅವರ ಮೀಸೆಯನ್ನೇ ಹುಡುಕಿದರೆ ತಪ್ಪೇನೂ ಇಲ್ಲ.

ಚಿತ್ರವಾಗುವ ಮೊದಲೇ ಶಿವಾಜಿಯವರ ನಾಟಕ ಮಂಡಳಿ ಈ ಕಥೆಯನ್ನು ರಂಗದ ಮೇಲೆ ಆಡುತ್ತಿತ್ತು. ಶಕ್ತಿ ಟಿ. ಕೆ. ಕೃಷ್ಣಸ್ವಾಮಿಯವರ ಸಂಭಾಷಣೆ ನಾಟಕದ ಏರುದನಿಯನ್ನು ಚಿತ್ರದಲ್ಲೂ ಬಿಟ್ಟುಕೊಟ್ಟಿಲ್ಲ. ಕಂಪನಿಯ ಕಲೆಕ್ಟರ್ ಜಾಕ್ಸನ್‌ನ ಎದುರು ನಾಯಕ ಕಪ್ಪವನ್ನು ನಿರಾಕರಿಸುವ ಮಾತುಗಳನ್ನು ತಮಿಳರು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಇತಿಹಾಸದ ಸಾಮಗ್ರಿಯ ಹಿಂದೆ ತಮಿಳು ಲೇಖಕ ಮ. ಪೊ. ಶಿವಜ್ಞಾನಂ ಇದ್ದರು, ಸಂಗೀತ ಜಿ. ರಾಮನಾಥನ್ ಅವರದು. ಗೇವಾಕಲರ್‌ನಲ್ಲಿ ಚಿತ್ರೀಕರಿಸಿ, ಟೆಕ್ನಿಕಲರ್ ಪ್ರತಿಗಳನ್ನು ಲಂಡನ್ನಿನಲ್ಲಿ ಮಾಡಿಸಲಾಯಿತು. ಯುದ್ಧದ ದೃಶ್ಯಗಳನ್ನು ಭಾರತೀಯ ಸೇನೆಯ ಯೋಧರ ನೆರವಿನಿಂದ ಜೈಪುರದ ಕಡೆ ತೆಗೆದರು. ಬಯಲಾಗಿದ್ದ ಪಾಂಚಾಲಂಕುರಿಚಿಯಲ್ಲಿ ನಿಂತು ನೋಡಿದರೆ ಅಷ್ಟು ದೂರ ಹೋದದ್ದು ವಿಚಿತ್ರವೆನಿಸುವುದಿಲ್ಲ. 1960ರಲ್ಲಿ ಕೈರೋದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಶಿವಾಜಿಯವರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು.

ಕನ್ನಡಿಗರಿಗೆ ಆ ಕಪ್ಪದ ದೃಶ್ಯ ಹೊಸದಲ್ಲ. ಪಂತುಲು ಅವರೇ 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ವನ್ನು ನಿರ್ದೇಶಿಸಿ, ಬಿ. ಸರೋಜಾದೇವಿಯವರ ಬಾಯಲ್ಲಿ ಅದೇ ಧಿಕ್ಕಾರವನ್ನು ನುಡಿಸಿದರು. ಕಲಾವಿದರು ಬೇರೆ, ನಾಡು ಬೇರೆ, ಆದರೆ ರಾಣಿಯ ಮಾತಿನ ಏರಿಳಿತದಲ್ಲಿ ಕಟ್ಟಬೊಮ್ಮನ್‌ನಲ್ಲಿ ಪಳಗಿದ ಕೈಯೇ ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ.

ಅಲ್ಲಿಂದ ಮಧುರೈ–ತಿರುನೆಲ್ವೇಲಿ ಹೆದ್ದಾರಿಯ ಕಯತ್ತಾರಿಗೆ ಹೋದೆ. ಪುದುಕ್ಕೋಟ್ಟೈಯ ಅರಸ ತೊಂಡೈಮಾನ್ ಹಿಡಿದೊಪ್ಪಿಸಿದ ಕಟ್ಟಬೊಮ್ಮನ್‌ನನ್ನು 1799ರ ಅಕ್ಟೋಬರ್ 16ರಂದು ಹುಣಸೆಮರಕ್ಕೆ ನೇಣು ಹಾಕಿದ್ದು ಈ ಊರಲ್ಲಿ. ಇಲ್ಲಿ ಜಾಗ ಕೊಂಡು ಪ್ರತಿಮೆ ನಿಲ್ಲಿಸಿದವರು ಸ್ವತಃ ಶಿವಾಜಿ ಗಣೇಶನ್. ತಾನು ಆಡಿದ ಪಾತ್ರಕ್ಕೆ ನಟನೊಬ್ಬ ಹೀಗೆ ಸ್ವಂತ ಹಣದಿಂದ ಸ್ಮಾರಕ ಮಾಡಿಸಿದ ಇನ್ನೊಂದು ಉದಾಹರಣೆ ನನಗೆ ಥಟ್ಟನೆ ಹೊಳೆಯುವುದಿಲ್ಲ.