‘ಓಕೆ’ ಅಂತ ಕಳಿಸುವ ಮುಂಚೆ

ನಮ್ಮ ಹುಬ್ಬಳ್ಳಿ ಕಡೆ ಊಟಕ್ಕೆ ಕೂತರೆ ರೊಟ್ಟಿ ಪಕ್ಕದಲ್ಲಿ ಅಗಸಿ ಹಿಂಡಿ ಇರಲೇಬೇಕು. ಅದೇ ಅಗಸೆ ಬೀಜದ ಮೇಲೆ ಕೆನಡಾದಲ್ಲಿ ಒಂದು ದೊಡ್ಡ ಕೇಸ್ ನಡೆದಿದೆ ಅಂತ ನನಗೆ ಗೊತ್ತಾಗಿದ್ದು ಇಲ್ಲಿ, ಒಂಟಾರಿಯೊದ ಕಿಚನರ್‌ನಲ್ಲಿ, ಬಿಸಿನೆಸ್ ಲಾ ಕ್ಲಾಸಿನ ಎರಡನೇ ವಾರದಲ್ಲಿ. ಸಸ್ಕ್ಯಾಚೆವಾನ್ ಪ್ರಾಂತ್ಯದ ಒಬ್ಬ ರೈತನಿಗೆ ಧಾನ್ಯ ಕೊಳ್ಳುವ ಕಂಪನಿಯವರು 2021ರ ಮಾರ್ಚ್‌ನಲ್ಲಿ 87 ಟನ್ ಅಗಸೆಯ ಕರಾರಿನ ಫೋಟೊವನ್ನು ಮೊಬೈಲಿಗೆ ಕಳಿಸಿ, ಒಪ್ಪಿಗೆ ತಿಳಿಸಿ ಎಂದು ಕೇಳಿದರು. ಆತ ಹೆಬ್ಬೆರಳು ಎತ್ತಿದ ಇಮೋಜಿ ಕಳಿಸಿದ. ಅಷ್ಟೇ. ನವೆಂಬರ್‌ನಲ್ಲಿ ಕೊಡಬೇಕಿದ್ದ ಮಾಲು ಕೊಡಲಿಲ್ಲ. ಅಷ್ಟರಲ್ಲಿ ಅಗಸೆ ಬೆಲೆ ಎರಡು ಪಟ್ಟಿಗಿಂತ ಜಾಸ್ತಿ ಏರಿತ್ತು. ಮೆಸೇಜ್ ಬಂದು ಸೇರಿತು ಅಂತ ತಿಳಿಸಲು ಮಾತ್ರ ಹೆಬ್ಬೆರಳು ಕಳಿಸಿದೆ, ಕರಾರಿಗೆ ಒಪ್ಪಲಿಲ್ಲ ಎಂದು ಆತ ವಾದಿಸಿದ. ಆದರೆ ಹಿಂದಿನ ಕರಾರುಗಳಿಗೂ ಆತ ‘ಓಕೆ’, ‘ಯಪ್’ ಅಂತ ಒಂದೇ ಪದದಲ್ಲಿ ಉತ್ತರಿಸಿ ಮಾಲು ಕೊಟ್ಟಿದ್ದ. ಹಾಗಾಗಿ ಈ ಹೆಬ್ಬೆರಳು ಕೂಡ ಸಹಿಯೇ ಎಂದು 2023ರಲ್ಲಿ ಕೋರ್ಟ್ ಹೇಳಿತು. 82,000 ಡಾಲರಿಗಿಂತ ಜಾಸ್ತಿ ಪರಿಹಾರ ಕಟ್ಟಲು ಆದೇಶವಾಯಿತು. ನಾವು ಮೊದಲ ಸೆಮಿಸ್ಟರ್ ಪರೀಕ್ಷೆ ಬರೆಯುತ್ತಿದ್ದ 2024ರ ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟೂ ಅದೇ ತೀರ್ಪನ್ನು ಎತ್ತಿಹಿಡಿಯಿತು.

ಈ ಕೇಸ್ ಬಗ್ಗೆ ಮೊದಲು ಕೇಳಿದ ದಿನ ಕ್ಲಾಸ್ ಮುಗಿಸಿ ಬಸ್ಸಿನಲ್ಲಿ ಕೂತು ನನ್ನ ವಾಟ್ಸಾಪ್ ತೆರೆದು ನೋಡಿದೆ. ಮನೆ ಮಾಲೀಕರಿಗೆ, ಕೆಲಸ ಕೊಟ್ಟವರಿಗೆ, ಫೋನ್ ಪ್ಲಾನ್ ಮಾರಿದವರಿಗೆ ಎಷ್ಟು ಹೆಬ್ಬೆರಳು ಕಳಿಸಿದ್ದೆನೋ ಲೆಕ್ಕವೇ ಇಲ್ಲ. ನಾವು ಊರಲ್ಲಿ ‘ಆಯ್ತು ಸರ್’ ಅನ್ನುವುದು ಮರ್ಯಾದೆಗೆ. ಇಲ್ಲಿ ಅದೇ ಮಾತು ಕರಾರು ಆಗಬಹುದು. ಈ ಬರಹ ಬರೆಯುತ್ತಿರುವುದು ಅದಕ್ಕೇ. ನಮ್ಮ ಕಡೆಯಿಂದ ಓದಲು ಬರುವ ಹುಡುಗ ಹುಡುಗಿಯರು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ ಆರು ತಿಂಗಳು ತಯಾರಿ ಮಾಡುತ್ತಾರೆ, ಜಾಕೆಟ್ ಎಲ್ಲಿ ಕೊಳ್ಳಬೇಕು ಅಂತ ಹತ್ತು ಜನರನ್ನು ಕೇಳುತ್ತಾರೆ, ಆದರೆ ಬಂದ ಮೊದಲ ವಾರವೇ ಸಹಿ ಮಾಡುವ ನಾಲ್ಕು ಕಾಗದಗಳ ಬಗ್ಗೆ ಯಾರೂ ಒಂದು ಮಾತು ಹೇಳಿರುವುದಿಲ್ಲ.

ಬಿ.ಕಾಂ. ಓದಿದವರಿಗೆ ಇದರ ಬುಡ ಗೊತ್ತೇ ಇದೆ. ಒಬ್ಬರು ಪ್ರಸ್ತಾಪ ಇಡಬೇಕು, ಇನ್ನೊಬ್ಬರು ಒಪ್ಪಬೇಕು, ಎರಡೂ ಕಡೆಯಿಂದ ಏನಾದರೂ ಕೊಡು-ತೆಗೆದುಕೊಳ್ಳುವುದು ಇರಬೇಕು. ಹುಬ್ಬಳ್ಳಿಯಲ್ಲಿ ಓದಿದ್ದ 1893ರ ಕಾರ್ಬಾಲಿಕ್ ಸ್ಮೋಕ್ ಬಾಲ್ ಕೇಸನ್ನು ಇಲ್ಲಿಯೂ ಪಾಠದಲ್ಲಿ ಕಂಡಾಗ ಹಳೇ ಗೆಳೆಯ ಸಿಕ್ಕಷ್ಟು ಖುಷಿಯಾಯಿತು. ನಮ್ಮ ಔಷಧಿ ಬಳಸಿಯೂ ಜ್ವರ ಬಂದರೆ 100 ಪೌಂಡ್ ಕೊಡುತ್ತೇವೆ ಅಂತ ಜಾಹೀರಾತು ಕೊಟ್ಟು ಆಮೇಲೆ ಕೊಡಲ್ಲ ಅಂದ ಕಂಪನಿಯ ಕತೆ ಅದು. ಎರಡು ದೇಶದ ಕಾನೂನೂ ಇಂಗ್ಲೆಂಡಿನ ಬೇರಿನಿಂದಲೇ ಬಂದಿದೆ. ವ್ಯತ್ಯಾಸ ಏನೆಂದರೆ, ನಮ್ಮಲ್ಲಿ 1872ರ ಕರಾರು ಕಾಯ್ದೆ ಅಂತ ಒಂದು ಪುಸ್ತಕ ಇದೆ, ಸೆಕ್ಷನ್ ನಂಬರ್ ಹೇಳಿದರೆ ಮುಗಿಯಿತು. ಇಲ್ಲಿ ಹಾಗೆ ಕರಾರಿಗೆ ಅಂತಲೇ ಒಂದು ಕಾಯ್ದೆ ಇಲ್ಲ. ಗ್ರಾಹಕರ ರಕ್ಷಣೆ, ಮಾಲು ಮಾರಾಟ ಇಂಥವಕ್ಕೆ ಕಾಯ್ದೆಗಳಿವೆ, ಉಳಿದಿದ್ದೆಲ್ಲ ನ್ಯಾಯಾಧೀಶರ ತೀರ್ಪುಗಳಲ್ಲಿದೆ. ಕ್ವಿಬೆಕ್ ಪ್ರಾಂತ್ಯ ಒಂದು ಬೇರೆ. ಅಲ್ಲಿ ಫ್ರೆಂಚರ ಪದ್ಧತಿ, 1994ರಿಂದ ಜಾರಿಯಲ್ಲಿರುವ ತಮ್ಮದೇ ಸಿವಿಲ್ ಕೋಡ್ ಅನ್ನುವ ಕಾನೂನು ಪುಸ್ತಕ. ಅಲ್ಲಿನ ಮಾಂಟ್ರಿಯಲ್‌ಗೆ ಹೋಗುವವರು ನಾನು ಬರೆದಿದ್ದನ್ನು ಹಾಗೇ ಅನ್ವಯಿಸಿಕೊಳ್ಳಬೇಡಿ.

ಇದು ತುಂಬಾ ಮುಖ್ಯ. ಕೆನಡಾದಲ್ಲಿ ಕಾನೂನು ಅಂದರೆ ಒಂದಲ್ಲ. 1867ರ ಸಂವಿಧಾನ ಕಾಯ್ದೆಯಲ್ಲಿ ಕೆಲಸ ಹಂಚಿದ್ದಾರೆ. ಬ್ಯಾಂಕು, ದಿವಾಳಿ, ಪೇಟೆಂಟ್ ಇವೆಲ್ಲ ಒಟ್ಟಾವಾದ ಕೇಂದ್ರ ಸರ್ಕಾರಕ್ಕೆ. ಬಾಡಿಗೆ, ಕರಾರು, ಹೆಚ್ಚಿನ ಕೆಲಸಗಳ ಕೂಲಿ ನಿಯಮ ಪ್ರಾಂತ್ಯಕ್ಕೆ. ಹಾಗಾಗಿ ಒಂಟಾರಿಯೊದ ಟೊರೊಂಟೊದಲ್ಲಿರುವ ಅಣ್ಣ ಹೇಳಿದ್ದು ಬ್ರಿಟಿಷ್ ಕೊಲಂಬಿಯಾದ ಸರ್ರೆಯಲ್ಲಿರುವ ನಿಮಗೆ ಸರಿಹೊಂದದೇ ಇರಬಹುದು. ಬ್ರಿಟಿಷ್ ಕೊಲಂಬಿಯಾದಲ್ಲಿ ಮಾಲೀಕರು ಅರ್ಧ ತಿಂಗಳ ಬಾಡಿಗೆಯಷ್ಟು ಡೆಪಾಸಿಟ್ ಕೇಳಬಹುದು. ಒಂಟಾರಿಯೊದಲ್ಲಿ ಮನೆ ಹಾಳಾದರೆ ಇರಲಿ ಅಂತ ಡೆಪಾಸಿಟ್ ಕೇಳುವ ಹಾಗೇ ಇಲ್ಲ. ಕೊನೆಯ ತಿಂಗಳ ಬಾಡಿಗೆ ಮುಂಗಡ ಕೇಳಬಹುದು, ಬೀಗದ ಕೈಗೆ ಅದರ ಬೆಲೆಯಷ್ಟು ಕೇಳಬಹುದು. ಅಲ್ಲಿಗೆ ಮುಗಿಯಿತು. ವಯಸ್ಸೂ ಹಾಗೇ. ಒಂಟಾರಿಯೊದಲ್ಲಿ 18 ಆದರೆ ವಯಸ್ಕರು, ಬ್ರಿಟಿಷ್ ಕೊಲಂಬಿಯಾದಲ್ಲಿ 19 ಆಗಬೇಕು.

ಈ ಡೆಪಾಸಿಟ್ ವಿಷಯ ನನಗೆ ಇವತ್ತಿಗೂ ನೋವು ಕೊಡುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ ನಾನು ಹಿಡಿದ ಬೇಸ್‌ಮೆಂಟ್ ರೂಮಿಗೆ ಎರಡು ತಿಂಗಳ ಬಾಡಿಗೆ ಅಲ್ಲದೆ 500 ಡಾಲರ್ ಡೆಪಾಸಿಟ್ ನಗದು ಕೊಟ್ಟೆ. ರಸೀದಿ ಇಲ್ಲ, ಕಾಗದ ಇಲ್ಲ. ಬಿಡುವಾಗ ಗೋಡೆ ಮೇಲೆ ಗೀರು ಇದೆ ಅಂತ ಹಣ ವಾಪಸ್ ಕೊಡಲಿಲ್ಲ. ಅಷ್ಟರಲ್ಲಿ ಕಾನೂನು ಓದಿದ್ದೆನಲ್ಲ, ಬಾಡಿಗೆ ಟ್ರಿಬ್ಯೂನಲ್‌ಗೆ ಹೋಗುತ್ತೇನೆ ಅಂತ ಗಟ್ಟಿ ಮನಸ್ಸು ಮಾಡಿದೆ. ನಮ್ಮ ಮೇಡಂ ಹತ್ತಿರ ಕೇಳಿದಾಗ ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಅಡುಗೆಮನೆ ಯಾರ ಜೊತೆ ಹಂಚಿಕೊಂಡಿದ್ದೆ?” ಮಾಲೀಕರ ಜೊತೆ ಅಂದೆ. ಅಲ್ಲಿಗೆ ದಾರಿ ಮುಚ್ಚಿತು. ಮಾಲೀಕರು ಅಥವಾ ಅವರ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ಅದೇ ಕಟ್ಟಡದಲ್ಲಿದ್ದು, ಅವರ ಜೊತೆ ನೀವು ಅಡುಗೆಮನೆ ಅಥವಾ ಬಚ್ಚಲು ಹಂಚಿಕೊಳ್ಳಲೇಬೇಕಾದ ರೂಮಾದರೆ, ಒಂಟಾರಿಯೊದ 2006ರ ಬಾಡಿಗೆ ಕಾಯ್ದೆ ನಿಮಗೆ ಅನ್ವಯಿಸುವುದೇ ಇಲ್ಲ. ಸಣ್ಣ ಮೊತ್ತದ ದಾವೆಗಳ ಕೋರ್ಟ್ ಇದೆ, 2025ರ ಅಕ್ಟೋಬರ್‌ನಿಂದ ಅಲ್ಲಿ 50,000 ಡಾಲರ್‌ವರೆಗೆ ದಾವೆ ಹೂಡಬಹುದು, ವಕೀಲರಿಲ್ಲದೆ ನೀವೇ ಹೋಗಬಹುದು. ಆದರೆ ನಗದು ಕೊಟ್ಟಿದ್ದಕ್ಕೆ ನನ್ನ ಹತ್ತಿರ ಒಂದು ಚೂರು ಪುರಾವೆ ಇರಲಿಲ್ಲ. ಹಣ ಹೋಯಿತು. ದಯವಿಟ್ಟು ಬಾಡಿಗೆಯನ್ನು ಇ-ಟ್ರಾನ್ಸ್‌ಫರ್‌ನಲ್ಲೇ, ಅಂದರೆ ಬ್ಯಾಂಕ್ ಮೂಲಕ ಆನ್‌ಲೈನ್‌ನಲ್ಲೇ ಕಳಿಸಿ, ಯಾವ ತಿಂಗಳಿನದು ಅಂತ ಅದರಲ್ಲೇ ಬರೆಯಿರಿ. ಬೇರೆಯಾದ ಮನೆ ಅಥವಾ ಬೇಸ್‌ಮೆಂಟ್ ಆದರೆ 2018ರ ಏಪ್ರಿಲ್ ಕೊನೆಯಿಂದ ಒಂಟಾರಿಯೊ ಸರ್ಕಾರದ್ದೇ ಒಂದು ನಿಗದಿತ ಬಾಡಿಗೆ ಪತ್ರ ಇದೆ, ಅದನ್ನೇ ಕೇಳಿ.

ಕೆಲಸದ ವಿಷಯದಲ್ಲಿ ಮಾತ್ರ ಕಾನೂನು ನನ್ನ ಕೈ ಹಿಡಿಯಿತು. 2024ರ ನವೆಂಬರ್‌ನಲ್ಲಿ ಒಂದು ಹೋಟೆಲ್ ಅಡುಗೆಮನೆಯಲ್ಲಿ ಮೂರು ದಿನ ‘ಟ್ರೇನಿಂಗ್’ ಅಂತ ದಿನಕ್ಕೆ ಏಳು ಗಂಟೆ ದುಡಿಸಿಕೊಂಡರು. ಈರುಳ್ಳಿ ಹೆಚ್ಚಿದ್ದು, ಪಾತ್ರೆ ತೊಳೆದಿದ್ದು, ನೆಲ ಒರೆಸಿದ್ದು. ನಾಲ್ಕನೇ ದಿನ ಫೋನ್ ಮಾಡಿ ಬೇಡ ಬಿಡಿ ಅಂದರು, ಟ್ರೇನಿಂಗ್‌ಗೆ ದುಡ್ಡಿಲ್ಲ ಅಂದರು. ಸುಮ್ನೆ ಇದ್ದುಬಿಡೋಣ ಅನಿಸಿತ್ತು. ಆದರೆ ಒಂಟಾರಿಯೊದ ಕಾರ್ಮಿಕ ಕಾನೂನಿನ ಪ್ರಕಾರ ಮಾಲೀಕರು ಕಡ್ಡಾಯ ಮಾಡಿದ ತರಬೇತಿಯೂ ಕೆಲಸವೇ. ಆಗ ಕನಿಷ್ಠ ಕೂಲಿ ಗಂಟೆಗೆ 17.20 ಡಾಲರ್ ಇತ್ತು, 2025ರ ಅಕ್ಟೋಬರ್‌ನಲ್ಲಿ 17.60 ಆಯಿತು. 21 ಗಂಟೆಗೆ 361 ಡಾಲರ್ 20 ಸೆಂಟ್, ಅದರ ಮೇಲೆ ಶೇ. 4 ರಜೆ ಸಂಬಳ. ದಿನ, ಗಂಟೆ ಎಲ್ಲ ಬರೆದು, ಕಾನೂನಿನ ಹೆಸರು ಹಾಕಿ, ಮರ್ಯಾದೆಯಿಂದ ಒಂದು ಇಮೇಲ್ ಕಳಿಸಿದೆ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡುತ್ತೇನೆ ಅಂತಲೂ ಬರೆದೆ. ಆ ದೂರಿಗೆ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲೇ ಕೊಡಬಹುದು, ಎರಡು ವರ್ಷದವರೆಗೆ ಸಮಯ ಇದೆ. ಹತ್ತು ದಿನಕ್ಕೆ ಹಣ ಬಂತು. ಅವತ್ತು ಅವ್ವನಿಗೆ ಫೋನ್ ಮಾಡಿ ಇದನ್ನೇ ಅರ್ಧ ಗಂಟೆ ಹೇಳಿದೆ.

ಇನ್ನೊಂದೆರಡು ವಿಷಯ. ಗ್ರಾಹಕರು ಬಿಲ್ ಕೊಡದೆ ಓಡಿಹೋದರು ಅಂತ ವೇಟರ್ ಸಂಬಳದಲ್ಲಿ ಹಿಡಿಯುವ ಹಾಗಿಲ್ಲ. ಟಿಪ್ಸ್ ಮಾಲೀಕರು ತಾವು ಇಟ್ಟುಕೊಳ್ಳುವ ಹಾಗಿಲ್ಲ. ಸಾಮಾನ್ಯ ಕೆಲಸಗಳಲ್ಲಿ ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೂಲಿ. ಆದರೆ ಓದುವ ಅವಧಿಯಲ್ಲಿ ಹೊರದೇಶದ ವಿದ್ಯಾರ್ಥಿ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. 2024ರ ನವೆಂಬರ್ 8ರಿಂದ ಈ ಮಿತಿ. ಡೆಲಿವರಿ ಆ್ಯಪ್‌ನ ಗಂಟೆಗಳೂ ಇದರಲ್ಲೇ ಬರುತ್ತವೆ. ಕೈಗೆ ನಗದು ಕೊಡುತ್ತೇವೆ, ಲೆಕ್ಕಕ್ಕೆ ಬರಲ್ಲ ಅನ್ನುವವರ ಹತ್ತಿರ ಹೋಗಬೇಡಿ. ಮಿತಿ ದಾಟಿದವರು ಸಂಬಳ ಕೊಡದಿದ್ದರೂ ಹೆದರಿ ದೂರು ಕೊಡುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಸಹಿ ಮಾಡಿದರೆ ಮುಗಿಯಿತಾ? ಸಾಮಾನ್ಯವಾಗಿ ಹೌದು. ಓದಲಿಲ್ಲ ಅಂದರೆ ಕೋರ್ಟ್ ಕೇಳುವುದಿಲ್ಲ. ಆದರೂ ಎರಡು ತೀರ್ಪು ನನಗೆ ಧೈರ್ಯ ಕೊಟ್ಟಿವೆ. ಒಂದು 1978ರದು. ವ್ಯಾಂಕೂವರ್ ವಿಮಾನ ನಿಲ್ದಾಣದಲ್ಲಿ ಒಬ್ಬರು ಬಾಡಿಗೆ ಕಾರು ಪಡೆದು, ಜಾಸ್ತಿ ದುಡ್ಡು ಕೊಟ್ಟು ಪೂರ್ತಿ ರಕ್ಷಣೆ ತೆಗೆದುಕೊಂಡು, ಓದದೆ ಸಹಿ ಹಾಕಿದರು. ಸ್ವಲ್ಪ ಮದ್ಯ ಕುಡಿದಿದ್ದರೂ ಆ ರಕ್ಷಣೆ ಸಿಗದು ಅಂತ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಓದಿಲ್ಲ ಅಂತ ಗೊತ್ತಿದ್ದೂ ಇಷ್ಟು ಕಠಿಣ ಷರತ್ತನ್ನು ಗಮನಕ್ಕೆ ತರದೆ ಅದನ್ನು ಹಿಡಿದು ಕೂರುವ ಹಾಗಿಲ್ಲ ಎಂದು ಒಂಟಾರಿಯೊದ ಮೇಲ್ಮನವಿ ಕೋರ್ಟ್ ಹೇಳಿತು. ಇನ್ನೊಂದು 2020ರ ಜೂನ್‌ನದು, ಕೆನಡಾದ ಸುಪ್ರೀಂ ಕೋರ್ಟಿನದು. ಒಂಟಾರಿಯೊದಲ್ಲಿ ಊಬರ್ ಈಟ್ಸ್‌ನಲ್ಲಿ ಊಟ ತಲುಪಿಸುತ್ತಿದ್ದವರು ಕಂಪನಿ ಮೇಲೆ ದೂರು ಹೇಳಬೇಕೆಂದರೆ ನೆದರ್ಲೆಂಡ್ಸ್‌ನಲ್ಲಿ ಕೋರ್ಟಿನ ಹೊರಗಿನ ಮಧ್ಯಸ್ಥಿಕೆಗೆ ಹೋಗಬೇಕು, ಅದಕ್ಕೆ ಮೊದಲೇ 14,500 ಅಮೆರಿಕನ್ ಡಾಲರ್ ಕಟ್ಟಬೇಕು ಅಂತ ಆ್ಯಪ್‌ನ ಕರಾರಿನಲ್ಲಿತ್ತು. ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಆ ಷರತ್ತು ನಡೆಯದು ಅಂದರು. ಚಳಿಯಲ್ಲಿ ಸೈಕಲ್ ಮೇಲೆ ಊಟದ ಚೀಲ ಹೊತ್ತು ಹೋಗುವ ನಮ್ಮ ಹುಡುಗರನ್ನು ನೋಡಿದಾಗಲೆಲ್ಲ ನನಗೆ ಈ ತೀರ್ಪು ನೆನಪಾಗುತ್ತದೆ.

ಜಿಮ್ ಸೇರಿ ಆಮೇಲೆ ಬೇಡ ಅನಿಸಿದರೆ ಒಂಟಾರಿಯೊದಲ್ಲಿ ಹತ್ತು ದಿನದೊಳಗೆ ಕಾರಣ ಹೇಳದೆ ರದ್ದು ಮಾಡಬಹುದು. ಬರೆದು ತಿಳಿಸಿದರೆ ಒಳ್ಳೆಯದು, ಪುರಾವೆ ಇರುತ್ತದೆ.

ಈಗ ನಾನೂ ನನ್ನ ರೂಮ್‌ಮೇಟೂ, ಅವನು ಗದಗದವನು, ಖಡಕ್ ರೊಟ್ಟಿ ಮತ್ತು ಅಗಸಿ ಹಿಂಡಿ ಪ್ಯಾಕ್ ಮಾಡಿ ಮಾರೋಣ ಅಂತ ಮಾತಾಡುತ್ತಿದ್ದೇವೆ. ಮಾತಾಡುತ್ತಿದ್ದೇವೆ ಅಷ್ಟೇ, ಇನ್ನೂ ಶುರು ಮಾಡಿಲ್ಲ. ಯಾಕೆಂದರೆ ಇಬ್ಬರು ಸೇರಿ ಲಾಭಕ್ಕೆ ವ್ಯವಹಾರ ಶುರು ಮಾಡಿದರೆ, ಕಾಗದದಲ್ಲಿ ಒಂದಕ್ಷರ ಬರೆಯದಿದ್ದರೂ ಕಾನೂನಿನ ಕಣ್ಣಲ್ಲಿ ಪಾಲುದಾರರಾಗಿಬಿಡುತ್ತಾರೆ. ಅವನು ವ್ಯವಹಾರಕ್ಕೆ ಅಂತ ಮಾಡಿದ ಸಾಲಕ್ಕೆ ನನ್ನ ಬ್ಯಾಂಕ್ ಖಾತೆಯೂ ಹೊಣೆ. ಒಬ್ಬರೇ ಮಾಡುವುದಾದರೆ ವ್ಯವಹಾರದ ಹೆಸರು ನೋಂದಾಯಿಸಲು ಆನ್‌ಲೈನ್‌ನಲ್ಲಿ 60 ಡಾಲರ್, ಐದು ವರ್ಷ ನಡೆಯುತ್ತದೆ. ಕಂಪನಿ ಮಾಡಿದರೆ ಸಾಲ ಕಂಪನಿಯದು, ನಮ್ಮದಲ್ಲ. ಒಂಟಾರಿಯೊದಲ್ಲಿ ಅದಕ್ಕೆ 300 ಡಾಲರ್, ಕೇಂದ್ರದಲ್ಲಿ 200. ಕಡಿಮೆ ಅಂತ ಕೇಂದ್ರಕ್ಕೆ ಹೋಗೋಣ ಎಂದು ಅವನು ಅಂದ. ಆದರೆ ಅಲ್ಲಿ ನಿರ್ದೇಶಕರಲ್ಲಿ ನಾಲ್ಕರಲ್ಲಿ ಒಂದು ಭಾಗವಾದರೂ ಕೆನಡಾದ ನಾಗರಿಕರೋ ಪಿಆರ್ (ಕಾಯಂ ವಾಸದ ಅನುಮತಿ) ಇರುವವರೋ ಆಗಿ ಇಲ್ಲೇ ವಾಸವಿರಬೇಕು. ನಮ್ಮಿಬ್ಬರಿಗೂ ಪಿಆರ್ ಇಲ್ಲ. ಒಂಟಾರಿಯೊ ಆ ನಿಯಮವನ್ನು 2021ರಲ್ಲೇ ತೆಗೆದಿದೆ. ವರ್ಷಕ್ಕೆ 30,000 ಡಾಲರ್ ವ್ಯಾಪಾರ ದಾಟುವವರೆಗೆ ಎಚ್‌ಎಸ್‌ಟಿ (ಇಲ್ಲಿನ ಮಾರಾಟ ತೆರಿಗೆ) ನೋಂದಣಿ ಕಡ್ಡಾಯವಲ್ಲ. ತಿನ್ನುವ ಪದಾರ್ಥ ಆಗಿರುವುದರಿಂದ ನಮ್ಮ ಭಾಗದ ಪಬ್ಲಿಕ್ ಹೆಲ್ತ್ ಕಚೇರಿಗೂ ಮುಂಚೆಯೇ ತಿಳಿಸಬೇಕು. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಯಾರು ಎಷ್ಟು ಹಾಕುತ್ತೇವೆ, ಬಿಟ್ಟುಹೋದರೆ ಏನು ಅಂತ ಒಂದು ಪುಟ ಕರಾರು ಮಾಡಿಕೊಳ್ಳೋಣ ಅಂದಾಗ ಅವನಿಗೆ ಬೇಸರವಾಯಿತು. “ನನ್ನ ಮೇಲೆ ನಂಬಿಕೆ ಇಲ್ಲೇನು?” ಅಂತ ಕೇಳಿದ. ನಂಬಿಕೆ ಇದೆ, ಅದಕ್ಕೇ ಬರೆಯೋಣ ಅಂದೆ. ಎರಡು ದಿನ ಬಿಟ್ಟು ಅವನೇ ಪೆನ್ನು ತಂದು ಕೂತ.

ನಿನ್ನೆ ರಾತ್ರಿ ರಾಣೆಬೆನ್ನೂರಿನ ಒಬ್ಬ ಹುಡುಗ ಮೆಸೇಜ್ ಮಾಡಿದ್ದ. ಜನವರಿಗೆ ಬರುತ್ತಿದ್ದಾನೆ. ಒಂಟಾರಿಯೊದ ಬ್ರಾಂಪ್ಟನ್‌ನಲ್ಲಿ ರೂಮ್ ಸಿಕ್ಕಿದೆಯಂತೆ, ಮೂರು ತಿಂಗಳ ಬಾಡಿಗೆ ಮುಂಗಡ ಕೇಳಿದ್ದಾರಂತೆ. “ಅಣ್ಣಾ, ಓಕೆ ಅಂತ ಕಳಿಸಿಬಿಡಲಾ? ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತಾರಂತೆ.” ತಡಿ ತಮ್ಮಾ, ಅವರು ಕಳಿಸಿರುವುದನ್ನು ಪೂರ್ತಿ ನನಗೆ ಕಳಿಸು, ಅಡುಗೆಮನೆ ಯಾರದು ಅಂತ ಮೊದಲು ಕೇಳು ಅಂದೆ. ಐದು ಸ್ಕ್ರೀನ್‌ಶಾಟ್ ಬಂದಿವೆ, ಈಗ ಅದನ್ನೇ ಓದಲು ಕೂತಿದ್ದೇನೆ.